ಆರನೇ ಮಹಡಿಗೆ ರೊಟ್ಟಿ

ಪಾದ್ರಿಯಾಗುವುದಕ್ಕೆ ಏನು ಬೇಕು ಎಂದು ಯಾರಾದರೂ ಕೇಳಿದರೆ ನಾನು ಖರ್ಚಿನಿಂದಲೇ ಶುರು ಮಾಡುತ್ತೇನೆ. ದೇವರ ಕರೆಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಖರ್ಚು ಹೇಳುವವರು ಕಡಿಮೆ. ನನಗೆ ಆರು ವರ್ಷ ಹಿಡಿಯಿತು. ಮೊದಲ ವರ್ಷ ಮೋಟಾರ್ ಸೈಕಲ್ ಹೋಯಿತು. ಎರಡನೇ ವರ್ಷ ಕೆಲಸ ಬಿಟ್ಟೆ. ಇಪ್ಪತ್ತೆರಡು ವರ್ಷ ಕೊರಳಲ್ಲಿ ನೇತಾಡುತ್ತಿದ್ದ ಲಿಫ್ಟ್ ಮೆಕ್ಯಾನಿಕ್ಕಿನ ಪರವಾನಗಿ ಕಾರ್ಡನ್ನು ಕಂಪನಿಯ ಮೇಜಿನ ಮೇಲಿಟ್ಟು, ಸಹಿ ಹಾಕಿ ಬಂದೆ. ಹೆಂಡತಿ ಹೋಟೆಲಿನ ಲಾಂಡ್ರಿಯಲ್ಲಿ ಎರಡು ಪಾಳಿ ಇಸ್ತ್ರಿ ಮಾಡಿ ಮನೆ ನಡೆಸಿದಳು. ಅವಳ ಬಲ ಮಣಿಕಟ್ಟು ಈಗ ಚಳಿ ಬಂದರೆ ನೆಟ್ಟಗಾಗುವುದಿಲ್ಲ. ಗ್ರೀಕ್ ಪರೀಕ್ಷೆಗೆ ಮೂರು ಸಲ ಶುಲ್ಕ ಕಟ್ಟಿದೆ, ಹೀಬ್ರೂಗೆ ಎರಡು ಸಲ. ಕಪ್ಪು ನಿಲುವಂಗಿಯೊಂದು ಪುಕ್ಕಟೆ ಸಿಕ್ಕಿತು. ತೀರಿಕೊಂಡ ಒಬ್ಬ ಪಾದ್ರಿಯ ಮಗಳು ಕೊಟ್ಟದ್ದು. ಆತ ನನಗಿಂತ ಒಂದು ಗೇಣು ಎತ್ತರವಿದ್ದಿರಬೇಕು, ಹೆಂಡತಿ ಕೆಳಗಿನ ಅಂಚು ಮಡಚಿ ಹೊಲಿದಳು.

"ಒಂದು ಕೆಲಸಕ್ಕೆ ಸೇರೋಕೆ ಆರು ವರ್ಷ. ಸೇರಿದ ಮೇಲೆ ರಿಟೈರ್ ಆಗೋಕೆ ಎಷ್ಟು ವರ್ಷ ಬಾಕಿ ಇರುತ್ತೆ ರೀ?" ಎಂದು ಹೊಲಿಯುತ್ತಲೇ ಕೇಳಿದಳು.

ಇಷ್ಟೂ ಮನೆಯವರು ಕಂಡ ಖರ್ಚು. ಇನ್ನೊಂದು ಖರ್ಚು ಆರನೇ ಮಹಡಿಯ ಒಂದು ಕೋಣೆಯಲ್ಲಿ ಆಯಿತು.

ನಾನು ಈ ದಾರಿಗೆ ಬಿದ್ದದ್ದೂ ಅದೇ ಕಟ್ಟಡದಲ್ಲಿ. ಒಂದು ಮಧ್ಯಾಹ್ನ ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ಲಿಫ್ಟ್ ನಿಂತಿದೆ, ಒಳಗೆ ವಯಸ್ಸಾದ ಹೆಂಗಸು ಸಿಕ್ಕಿಹಾಕಿಕೊಂಡಿದ್ದಾರೆ ಎಂದು ಕರೆ ಬಂತು. ಹೋಗಿ ಬಾಗಿಲು ತಟ್ಟಿದೆ.

"ಯಾರಪ್ಪಾ ಅದು?"

"ಮೆಕ್ಯಾನಿಕ್ ಅಮ್ಮಾ. ಹೆದರ್ಕೋಬೇಡಿ."

"ಹೆದರಿಕೆ ಏನಿಲ್ಲ, ಕತ್ತಲೆ ಅಷ್ಟೆ. ನೀನು ಅಲ್ಲೇ ಇರ್ತೀಯ ತಾನೆ?"

"ಇಲ್ಲಮ್ಮಾ, ಮೇಲೆ ಮೆಷಿನ್ ರೂಮಿಗೆ ಹೋಗಿ ಕೈಯಲ್ಲಿ ಚಕ್ರ ತಿರುಗಿಸ್ಬೇಕು. ಹತ್ತು ನಿಮಿಷ."

ಒಳಗಿನಿಂದ ಸಣ್ಣ ದನಿಯಲ್ಲಿ, "ಬಿಟ್ಟು ಹೋಗ್ಬೇಡ ಕಣಪ್ಪಾ" ಎಂದರು.

ಚಕ್ರವನ್ನು ಪರವಾನಗಿ ಇದ್ದವನೇ ಮುಟ್ಟಬೇಕು. ಅದು ಕಂಪನಿಯ ಮೊದಲ ನಿಯಮ. ನಾನು ಕಾವಲುಗಾರನನ್ನು ಮೇಲಕ್ಕೆ ಕಳಿಸಿ, ಮೆಟ್ಟಿಲ ಸಂದಿನಿಂದ ಕೂಗಿ ಕೂಗಿ ಹೇಳಿಕೊಟ್ಟೆ. ನಾನು ಬಾಗಿಲ ಬಳಿಯೇ ಕೂತೆ. ಹತ್ತು ನಿಮಿಷದ ಕೆಲಸ ಐವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಆಕೆ ತಮ್ಮ ಕೆಲಸದ ಕತೆ ಹೇಳಿದರು. ಮರದ ಡಿಪೋದಲ್ಲಿ ಲಾರಿ ತೂಕ ಹಾಕುವ ಕಾಟಾದ ಮೇಲೆ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವರು. ಡ್ರೈವರುಗಳು ಹಿಂದಿನ ಚಕ್ರವನ್ನು ತೂಕದ ಹಾಸಿನಿಂದ ನಾಲ್ಕು ಬೆರಳು ಹೊರಗೆ ನಿಲ್ಲಿಸಿ ಹೇಗೆ ಮೋಸ ಮಾಡುತ್ತಾರೆ, ಅದನ್ನು ಕಿಟಕಿಯಿಂದಲೇ ಹೇಗೆ ಹಿಡಿಯಬೇಕು ಎಂದೆಲ್ಲ ವಿವರಿಸಿದರು. ಡಿಪೋದವರು ಆಕೆಯನ್ನು ತೂಕದಮ್ಮ ಅನ್ನುತ್ತಿದ್ದರಂತೆ. ನಾವೂ ಹಾಗೇ ಅಂದೆವು.

ಹೊರಗೆ ಬಂದವರು ನನ್ನ ಮುಖ ನೋಡಿದರು. "ನೀನು ನಮ್ಮ ಸಭೇಲಿ ಕೊನೇ ಬೆಂಚಲ್ಲಿ ಕೂತು, ಪ್ರಸಂಗ ಮುಗಿಯೋ ಮೊದಲೇ ಓಡಿಹೋಗೋನಲ್ವಾ?"

"ಹೌದಮ್ಮಾ."

"ನಿನ್ನ ಕೈಕೆಲಸ ಅಷ್ಟಕ್ಕಷ್ಟೆ. ಆದ್ರೆ ಬಾಗಿಲಾಚೆ ಇರೋರನ್ನ ಬಿಟ್ಟು ಹೋಗೋ ಜಾತಿಯಲ್ಲ ನೀನು. ಪಾದ್ರಿ ಆಗು."

ನಾನು ನಕ್ಕೆ. ಆಕೆ ನಗಲಿಲ್ಲ. ಮುಂದಿನ ವಾರವೇ ಹಿರಿಯರ ಮುಂದೆ ನನ್ನ ವಿಷಯ ಎತ್ತಿದರು.

ನಮ್ಮದು ಪ್ರೆಸ್ಬಿಟೇರಿಯನ್ ಸಭೆ. ನಮ್ಮಲ್ಲಿ ಬಿಷಪ್ಪರಿಲ್ಲ. ಪ್ರತಿ ಸಭೆಯಲ್ಲೂ ಜನ ಆರಿಸಿದ ಹಿರಿಯರಿರುತ್ತಾರೆ. ಸುತ್ತಲಿನ ಸಭೆಗಳ ಪಾದ್ರಿಗಳೂ ಹಿರಿಯರೂ ಸೇರಿದರೆ ಮಂಡಳಿ. ಪಾದ್ರಿಯಾಗಬೇಕೆನ್ನುವವನು ಮೊದಲು ತನ್ನ ಸಭೆಯ ಹಿರಿಯರನ್ನು ಒಪ್ಪಿಸಬೇಕು, ಓದಬೇಕು, ಪರೀಕ್ಷೆ ಬರೆಯಬೇಕು, ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ಕೆಲಸ ಕಲಿಯಬೇಕು, ಕೊನೆಗೆ ಮಂಡಳಿಯ ಮುಂದೆ ನಿಂತು ಯಾರು ಏನು ಕೇಳಿದರೂ ಉತ್ತರ ಹೇಳಬೇಕು. ಅವರು ಕೈ ಎತ್ತಿ ಒಪ್ಪಿದರೆ ದೀಕ್ಷೆ. ದೀಕ್ಷೆಯಾಗುವವರೆಗೆ ಪ್ರಸಂಗ ಮಾಡಬಹುದು, ರೋಗಿಯ ಕೈ ಹಿಡಿಯಬಹುದು, ಹೆಣದ ಮುಂದೆ ಪ್ರಾರ್ಥನೆಯನ್ನೂ ಮಾಡಬಹುದು. ಎರಡು ಕೆಲಸ ಮಾತ್ರ ಮಾಡುವಂತಿಲ್ಲ. ದೀಕ್ಷಾಸ್ನಾನ ಕೊಡುವಂತಿಲ್ಲ, ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ರೊಟ್ಟಿ ಮುರಿದು ಪ್ರಾರ್ಥಿಸುವಂತಿಲ್ಲ.

ನಮ್ಮ ಹಿರಿಯರಲ್ಲಿ ದೊಡ್ಡವರು ಕನ್ನಡಕದಂಗಡಿಯವರು. ನಲವತ್ತು ವರ್ಷ ಊರಿನವರ ಕಣ್ಣಿಗೆ ಗಾಜು ಕೂರಿಸಿದವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಿರಾಕಿಗೆ ತಲೆನೋವು ಬರುತ್ತದೆ ಎಂದು ನಂಬಿದ್ದವರು. ಸಭೆಯ ನಿಯಮಗಳನ್ನೂ ಹಾಗೇ ನೋಡುತ್ತಿದ್ದರು. ನನ್ನನ್ನು ತಿದ್ದುವ ಜವಾಬ್ದಾರಿ ಅವರ ಪಾಲಿಗೆ ಬಂತು.

ತಿದ್ದುವುದಕ್ಕೆ ಬೇಕಾದಷ್ಟಿತ್ತು. ನಾನು ಶಾಲೆ ಬಿಟ್ಟು ಮೂವತ್ತು ವರ್ಷವಾಗಿತ್ತು. ತರಗತಿಯಲ್ಲಿ ನನ್ನ ಅರ್ಧ ವಯಸ್ಸಿನವರು ಗ್ರೀಕ್ ಕ್ರಿಯಾಪದಗಳನ್ನು ಸರಾಗವಾಗಿ ಒಪ್ಪಿಸುತ್ತಿದ್ದರು. ನಾನು ಬಸ್ಸಿನಲ್ಲಿ ಚೀಟಿ ಹಿಡಿದು ತುಟಿ ಅಲ್ಲಾಡಿಸುತ್ತಿದ್ದೆ. ಎದುರು ಕೂತವರು ಪಾಪ ಎನ್ನುವ ಹಾಗೆ ನೋಡುತ್ತಿದ್ದರು. ಆಸ್ಪತ್ರೆಯ ತರಬೇತಿಯಲ್ಲಿ ಮೇಲ್ವಿಚಾರಕಿ ನನ್ನನ್ನು ಕೂರಿಸಿ, "ನೀನು ಎಲ್ಲರನ್ನೂ ರಿಪೇರಿ ಮಾಡೋಕೆ ಹೋಗ್ತೀಯ. ಆಗದೆ ಇದ್ದಾಗ ಎದ್ದು ಬೇರೆ ಏನಾದ್ರೂ ತರೋಕೆ ಹೊರಡ್ತೀಯ. ನೀರು, ನರ್ಸು, ಇನ್ನೊಂದು ದಿಂಬು. ಕೂರೋದನ್ನ ಕಲಿ" ಎಂದರು. ನಾನು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡರೆ ಕಲಿತ ಹಾಗೆ ಎಂದು ಆಗ ಅಂದುಕೊಂಡಿದ್ದೆ.

ಐದನೇ ವರ್ಷದಿಂದ ಕನ್ನಡಕದ ಹಿರಿಯರ ಜೊತೆ ಮನೆಮನೆಗೆ ಹೋಗತೊಡಗಿದೆ. ತಿಂಗಳ ಮೊದಲ ಭಾನುವಾರ ಆರಾಧನೆಯಲ್ಲಿ ಕರ್ತನ ಭೋಜನ ಮುಗಿದ ಮೇಲೆ, ಮೇಜಿನ ಮೇಲೆ ಪಾದ್ರಿ ಪ್ರಾರ್ಥಿಸಿದ ಅದೇ ರೊಟ್ಟಿಯಲ್ಲಿ ಸ್ವಲ್ಪವನ್ನು ಅದೇ ದಿನ ಹಾಸಿಗೆ ಹಿಡಿದವರಿಗೆ ಕೊಂಡೊಯ್ಯುವುದು ನಮ್ಮ ಪದ್ಧತಿ. ಇಬ್ಬರು ಹೋಗಬೇಕು. ರೊಟ್ಟಿಯ ಡಬ್ಬಿ ಒಬ್ಬರ ಕೈಯಲ್ಲಿ, ದ್ರಾಕ್ಷಾರಸದ ಬಾಟಲಿ ಮತ್ತು ಬಟ್ಟಲು ಇನ್ನೊಬ್ಬರ ಕೈಯಲ್ಲಿ. ಒಬ್ಬನೇ ಎರಡನ್ನೂ ಹೊರಬಾರದು. ಯಾವನೂ ಇದು ನನ್ನ ಕೈಯಿಂದ ಆದದ್ದು ಎಂದು ತಿಳಿಯಬಾರದು, ಇಡೀ ಸಭೆ ಬಂದು ಕೊಟ್ಟ ಹಾಗಿರಬೇಕು ಎಂದು ಹಿಂದಿನವರು ಮಾಡಿದ್ದು. ಹಿರಿಯರು ಡಬ್ಬಿಯನ್ನು ಕೋಟಿನ ಒಳಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಬಟ್ಟಲಿನ ಚೀಲ ನನ್ನ ಹೆಗಲಿಗೆ. ಒಂದೂವರೆ ವರ್ಷ ಹೀಗೆ ನಡೆದೆವು. ಒಳ್ಳೆಯ ಪದ್ಧತಿ ಎಂದು ಈಗಲೂ ಹೇಳುತ್ತೇನೆ.

ಮಂಡಳಿಯ ಪರೀಕ್ಷೆಗೆ ಮೂರು ವಾರ ಬಾಕಿಯಿತ್ತು. ಅಷ್ಟರಲ್ಲಿ ತೂಕದಮ್ಮ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಮದುವೆಯಾದವರಲ್ಲ, ಹತ್ತಿರದ ನೆಂಟರೂ ಇರಲಿಲ್ಲ. ಎದುರುಮನೆಯಲ್ಲಿದ್ದ, ಊರೊಳಗೆ ಬಸ್ಸು ಓಡಿಸಿ ಟಿಕೆಟ್ಟನ್ನೂ ತಾನೇ ಕೊಡುವ ಹೆಂಗಸೊಬ್ಬಳು ಪಾಳಿ ಮುಗಿದ ಮೇಲೆ ಬಂದು ನೋಡಿಕೊಳ್ಳುತ್ತಿದ್ದಳು. ತೂಕದಮ್ಮ ಅವಳನ್ನು ಬಸ್ಸು ಎಂದೇ ಕರೆಯುತ್ತಿದ್ದರು. "ಬಸ್ಸು ಬಂತಾ? ಇವತ್ತು ಎಷ್ಟು ಜನರನ್ನ ಬೀಳಿಸ್ದೆ?"

ಆಕೆಯ ಮನೆ ಆರನೇ ಮಹಡಿಯಲ್ಲಿ, ಕಟ್ಟಡದ ಲಿಫ್ಟು ಕೆಟ್ಟು ಹತ್ತೊಂಬತ್ತು ದಿನವಾಗಿತ್ತು. ಹಿಂದಿನ ವಾರ ನೋಡಲು ಹೋದಾಗ ಬಾಗಿಲ ಸಂದಿನಿಂದ ಬಗ್ಗಿ ನೋಡಿದ್ದೆ. ಮೂರನೇ ಮಹಡಿಯ ಬಾಗಿಲ ಕೊಂಡಿ ಸರಿಯಾಗಿ ಕೂತಿರಲಿಲ್ಲ. ಅರ್ಧ ಗಂಟೆಯ ಕೆಲಸ. ಬಾಗಿಲು ತೆರೆಯುವ ಮೂರು ಮೂಲೆಯ ಕೀಲಿಕೈ ಇನ್ನೂ ನಮ್ಮ ಮನೆಯ ಡ್ರಾಯರಿನಲ್ಲಿತ್ತು. ಆದರೆ ಪರವಾನಗಿ ಒಪ್ಪಿಸಿದವನು, ಅದರಲ್ಲೂ ಪಾದ್ರಿಯಾಗಲು ಹೊರಟವನು, ಕಳ್ಳನ ಹಾಗೆ ಮೆಷಿನ್ನಿಗೆ ಕೈ ಹಾಕುವುದು ಚೆನ್ನಾಗಿರುವುದಿಲ್ಲ ಎನಿಸಿತು. ಕಟ್ಟಡದ ಕಚೇರಿಗೆ ಹೇಳಿದೆ. ಬರೆದುಕೊಂಡರು.

ಆ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಎರಡೂವರೆಗೆ ಅಲ್ಲಿಗೆ ತಲುಪಿದೆವು. ಹಿರಿಯರು ಮೆಟ್ಟಿಲು ನೋಡಿ ನಿಂತರು. ಅವರಿಗೆ ಎಪ್ಪತ್ತಾರು, ಎರಡೂ ಮಂಡಿ ಸವೆದಿದ್ದವು. ಮೊದಲ ಮಹಡಿಯವರೆಗೆ ಕಂಬಿ ಹಿಡಿದು ಹತ್ತಿದರು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನೀನು ಹೋಗಿ ನೋಡ್ತಿರು ಮಾರಾಯ. ನಾನು ಸುಧಾರಿಸಿಕೊಂಡು ನಿಧಾನಕ್ಕೆ ಬರ್ತೀನಿ."

"ಕೈ ಕೊಡ್ಲಾ?"

"ಹೋಗು ಅಂದ್ನಲ್ಲ. ಆಕೆ ಕಾಯ್ತಿರ್ತಾಳೆ."

ನಾನು ಹೋದೆ. ಒಂದೂವರೆ ವರ್ಷದಲ್ಲಿ ಒಂದು ಸಲವೂ ಡಬ್ಬಿ ನನ್ನ ಕೈಗೆ ಬಂದಿರಲಿಲ್ಲ. ಅದನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ, ಕೊಡಬೇಕೆಂದು ಅವರಿಗೂ ಹೊಳೆಯಲಿಲ್ಲ. ಬಟ್ಟಲು ನನ್ನ ಹತ್ತಿರ, ರೊಟ್ಟಿ ಅವರ ಹತ್ತಿರ. ಕೈಕಾಲು ರೂಢಿಯ ಪ್ರಕಾರ ನಡೆದವು.

ಬಾಗಿಲು ತೆರೆದವಳು ಬಸ್ಸಿನವಳು. ಎರಡು ದಿನದಿಂದ ಮಲಗಿಲ್ಲ ಎಂದು ಮುಖವೇ ಹೇಳುತ್ತಿತ್ತು. ಬೆಳಿಗ್ಗೆ ಡಾಕ್ಟರು ಬಂದು, ಇವತ್ತೋ ನಾಳೆಯೋ ಎಂದಿದ್ದರಂತೆ.

"ಅಣ್ಣಾ, ನೀವು ಇರ್ತೀರಲ್ಲ? ನೋವಿನ ಔಷಧಿ ಮುಗಿದಿದೆ. ಹೋಗಿ ತಂದುಬಿಡ್ತೀನಿ. ಒಬ್ಬರನ್ನೇ ಬಿಡೋ ಹಾಗಿಲ್ಲ ನೋಡಿ, ಎಚ್ಚರ ಆದಾಗೆಲ್ಲ ಯಾರಿದ್ದಾರೆ ಅಂತ ಕೇಳ್ತಾರೆ."

"ನಾನಿರ್ತೀನಮ್ಮ, ಹೋಗಿ ಬಾ."

ಅವಳು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದಳು.

ಕೋಣೆ ಚಿಕ್ಕದು. ಒಂದು ಮಂಚ, ಒಂದು ಕುರ್ಚಿ, ಕಿಟಕಿಯ ಪಕ್ಕ ಮೇಜು. ಮೇಜಿನ ಮೇಲೆ ಔಷಧಿ, ನೀರಿನ ಲೋಟ, ಬಾಯಿ ಮಡಚಿ ಕ್ಲಿಪ್ ಹಾಕಿದ ಬ್ರೆಡ್ಡಿನ ಪೊಟ್ಟಣ. ತೂಕದಮ್ಮ ಅರ್ಧಕ್ಕೆ ಅರ್ಧ ಇಳಿದುಹೋಗಿದ್ದರು. ಉಸಿರು ಮೇಲೆ ಬಂದು ನಿಂತು, ಯೋಚನೆ ಮಾಡಿ ಕೆಳಗೆ ಹೋಗುತ್ತಿತ್ತು.

"ಮೆಕ್ಯಾನಿಕ್ಕಾ?"

"ಹೌದಮ್ಮಾ."

"ಲಿಫ್ಟ್ ಸರಿ ಮಾಡ್ದ್ಯಾ?"

"ಇಲ್ಲಮ್ಮಾ. ನಂದೀಗ ಆ ಕೆಲಸ ಅಲ್ವಲ್ಲ."

"ಅದನ್ನೂ ಬಿಟ್ಟೆ, ಇದಕ್ಕೂ ಇನ್ನೂ ಸೇರ್ಲಿಲ್ಲ." ನಗುವುದಕ್ಕೆ ಹೋಗಿ ಕೆಮ್ಮಿದರು. "ತಂದ್ಯಾ?"

ನಾನು ಮೇಜಿನ ಮೇಲೆ ಬಿಳಿಬಟ್ಟೆ ಹಾಸಿದೆ. ಅದನ್ನು ನೋಡಿ ಆಕೆ ಹೊದಿಕೆಯೊಳಗಿಂದ ಬಲಗೈ ಹೊರತೆಗೆದು ಅಂಗೈ ಬಿಚ್ಚಿ ಇಟ್ಟರು. ಬಟ್ಟಲು ಇಟ್ಟೆ, ಬಾಟಲಿ ಇಟ್ಟೆ. ಚೀಲದ ತಳಕ್ಕೆ ಕೈ ಹಾಕಿದಾಗ ನೆನಪಾಯಿತು.

ಹಿರಿಯರಿಗೆ ಫೋನ್ ಮಾಡಿದೆ. ಬಂದ್ ಆಗಿತ್ತು. ಭಾನುವಾರ ಆರಾಧನೆಗೆ ಮೊದಲು ಆರಿಸಿದರೆ ಅವರು ಸಂಜೆಯೇ ಹಚ್ಚುವುದು. ಬಾಗಿಲಿಗೆ ಹೋಗಿ ಮೆಟ್ಟಿಲ ಸಂದಿನಿಂದ ಕೂಗಿದೆ. ಅವರಿಗೆ ಕಿವಿಯೂ ಅಷ್ಟಕ್ಕಷ್ಟೆ.

"ಏನಾಯ್ತೋ?"

"ರೊಟ್ಟಿ ಹಿರಿಯರ ಜೇಬಲ್ಲೇ ಉಳಿದುಬಿಟ್ಟಿದೆ ಅಮ್ಮಾ. ಅವರು ಮೊದಲನೇ ಮಹಡೀಲಿ ಕೂತಿದ್ದಾರೆ."

"ಅಲ್ಲಿ ಬ್ರೆಡ್ ಇದೆಯಲ್ಲ. ತಗೋ."

"ಅದು ಆಗಲ್ಲಮ್ಮಾ."

"ಯಾಕೆ, ತೂಕ ಕಮ್ಮಿನಾ?"

"ನನಗಿನ್ನೂ ದೀಕ್ಷೆ ಆಗಿಲ್ಲ. ಹೊಸ ರೊಟ್ಟಿ ಮೇಲೆ ನಾನು ಪ್ರಾರ್ಥನೆ ಮಾಡೋ ಹಾಗಿಲ್ಲ. ಇನ್ನು ಮೂರು ವಾರಕ್ಕೆ ಮಂಡಳಿ ಪರೀಕ್ಷೆ, ಅದಾದ ಮೇಲೆ ಆಗುತ್ತೆ."

"ಮೂರು ವಾರ" ಎಂದರು ತೂಕದಮ್ಮ, ಚೌಕಾಸಿ ಮಾಡುವ ಗಿರಾಕಿಯ ಮಾತನ್ನು ಕೇಳಿಸಿಕೊಂಡವರ ಹಾಗೆ. ಕಣ್ಣು ಮುಚ್ಚಿ ಎರಡು ಉಸಿರು ಎಳೆದರು. "ಹೋಗ್ಲಿ ಬಿಡು. ರೊಟ್ಟಿ ಇಲ್ಲದಿದ್ರೆ ಬೇಡ. ಕೂತ್ಕೋ."

ಕುರ್ಚಿ ಅಲ್ಲೇ ಇತ್ತು. ಒಂದು ಮಾರು ದೂರ.

ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನಿತ್ತೆಂದು ಆಮೇಲೆ ಎಷ್ಟೋ ಸಲ ಕೆದಕಿದ್ದೇನೆ. ಆಕೆಯ ಮುಖ ಇರಲಿಲ್ಲ. ಮಂಡಳಿಯ ಸಭಾಂಗಣ ಇತ್ತು. ಮೂರು ವಾರದ ನಂತರ ಯಾರೋ ಎದ್ದು, ನೀನು ತೂಕದಮ್ಮನಿಗೆ ಏನು ಕೊಟ್ಟೆ ಎಂದು ಕೇಳಿದ ಹಾಗಿತ್ತು. ಆರು ವರ್ಷ, ಹೆಂಡತಿಯ ಮಣಿಕಟ್ಟು, ಮೂರು ಸಲದ ಗ್ರೀಕ್, ಎಲ್ಲ ಆ ಬ್ರೆಡ್ಡಿನ ಪೊಟ್ಟಣದ ಮೇಲೆ ಬಂದು ಕೂತಿದ್ದವು. ಬರಿಗೈಯಲ್ಲಿ ಸುಮ್ಮನೆ ಕೂರುವುದು, ನನ್ನಿಂದ ತಪ್ಪಾಗಿದೆ ಎಂದು ಒಪ್ಪಿಕೊಂಡ ಹಾಗೆ ಅನಿಸಿತು. ಡಬ್ಬಿ ತಂದುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು.

"ಎರಡೇ ನಿಮಿಷ ಅಮ್ಮಾ" ಎಂದೆ.

ಹೊರಗೆ ಓಡಿದೆ.

ಒಂದೊಂದು ಮಹಡಿಗೆ ಇಪ್ಪತ್ತು ಮೆಟ್ಟಿಲು. ಐದು ಮಹಡಿ ಇಳಿದು ಹೋದಾಗ ಹಿರಿಯರು ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಅಲುಗಿಸಿದೆ. "ಡಬ್ಬಿ, ಡಬ್ಬಿ" ಎಂದೆ. ಅವರಿಗೆ ಅರ್ಥವಾಗುವಷ್ಟರಲ್ಲಿ, ಕೋಟಿನ ಗುಂಡಿ ಬಿಚ್ಚಿ ಒಳಜೇಬಿಗೆ ಕೈ ಹಾಕುವಷ್ಟರಲ್ಲಿ ಹೊತ್ತು ಹೋಯಿತು. ಹತ್ತುವಾಗ ನಾಲ್ಕನೇ ಮಹಡಿಯಲ್ಲಿ ನನಗೆ ಉಸಿರು ಕಟ್ಟಿತು. ಕಂಬಿ ಹಿಡಿದು ನಿಂತೆ. ಐವತ್ತರ ಮನುಷ್ಯ, ಪುಸ್ತಕದ ಮುಂದೆ ಕೂತು ಹೊಟ್ಟೆ ಬಂದಿತ್ತು. ಎದುರಿಗೆ ಲಿಫ್ಟಿನ ಮುಚ್ಚಿದ ಬಾಗಿಲು. ಹಿಂದೆ ನಾನು ಐವತ್ತು ನಿಮಿಷ ಕೂತಿದ್ದ ಜಾಗ ಅದೇ. ಅದು ಆಗ ನನ್ನ ಗಮನಕ್ಕೆ ಬರಲಿಲ್ಲ. ಬಂದಿದ್ದರೂ ಏನಾಗುತ್ತಿತ್ತೋ ಗೊತ್ತಿಲ್ಲ.

ಕೋಣೆಗೆ ಬಂದಾಗ ಉಸಿರಿನ ಸದ್ದು ಇರಲಿಲ್ಲ. ಮುಖ ಬಾಗಿಲ ಕಡೆ ತಿರುಗಿತ್ತು. ನಾನು ಹೋಗುವಾಗ ಚಾವಣಿಯ ಕಡೆ ಇತ್ತು. ಬಲಗೈ ಮಂಚದ ಅಂಚಿನಲ್ಲಿ, ಅಂಗೈ ಬಿಚ್ಚಿಯೇ ಇತ್ತು.

ಕೊರಳು ಮುಟ್ಟಿ ನೋಡಿದೆ. ಕಣ್ಣು ಮುಚ್ಚಿದೆ. ಡಬ್ಬಿ ನನ್ನ ಎಡಗೈಯಲ್ಲಿತ್ತು. ಸತ್ತವರಿಗೆ ರೊಟ್ಟಿ ಕೊಡುವಂತಿಲ್ಲ, ಅದೂ ನಿಯಮ. ಡಬ್ಬಿಯನ್ನು ಬಿಳಿಬಟ್ಟೆಯ ಮೇಲೆ ಇಟ್ಟು ಆಮೇಲೆ ಕುರ್ಚಿಯಲ್ಲಿ ಕೂತೆ.

ಐದು ನಿಮಿಷಕ್ಕೆ ಬಸ್ಸಿನವಳು ಔಷಧಿ ಹಿಡಿದು ಬಂದಳು. ಬಾಗಿಲಲ್ಲೇ ನಿಂತಳು. ಅಳಲಿಲ್ಲ. ಬಂದು ತೂಕದಮ್ಮನ ಕೂದಲು ಸರಿ ಮಾಡಿದಳು.

"ಒದ್ದಾಡಿದ್ರಾ ಅಣ್ಣಾ?"

"ಇಲ್ಲಮ್ಮ."

"ಏನಾದ್ರೂ ಅಂದ್ರಾ?"

"ಇಲ್ಲ."

"ನೀವು ಪಕ್ಕದಲ್ಲಿ ಇದ್ರಲ್ಲ. ಅಷ್ಟೇ ಸಾಕು ಬಿಡಿ. ಒಬ್ಬಳೇ ಹೋಗಬಾರದು ಅನ್ನೋದೊಂದೇ ಅವರಿಗಿದ್ದಿದ್ದು."

ನಾನು, "ಇದ್ದೆ" ಎಂದೆ.

ಅವಳು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಹಿರಿಯರು ಮೇಲೆ ಬರಲು ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಬಸ್ಸಿನವಳು ಡಾಕ್ಟರಿಗೆ ಫೋನ್ ಮಾಡಲು ತನ್ನ ಮನೆಗೆ ಹೋಗಿದ್ದಳು. ಹಿರಿಯರು ಹಾಸಿಗೆ ನೋಡಿದರು, ಮುಚ್ಚಿದ ಡಬ್ಬಿ ನೋಡಿದರು, ಮುಚ್ಚಳ ತೆಗೆಯದ ಬಾಟಲಿ ನೋಡಿದರು. ಮೇಜಿನ ಮೇಲಿನ ಬ್ರೆಡ್ಡಿನ ಪೊಟ್ಟಣವನ್ನೂ ನೋಡಿದರು. ಕ್ಲಿಪ್ ಹಾಕಿದ್ದು ಹಾಕಿದ ಹಾಗೇ ಇತ್ತು.

"ನೀನು ಮಾಡಿದ್ದು ಸರಿ" ಎಂದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ನಲವತ್ತು ವರ್ಷ ಗಿರಾಕಿಗಳಿಗೆ ಅಂಗಿಯಲ್ಲಿ ಒರೆಸಬೇಡಿ ಎಂದು ಹೇಳಿದವರು. ಒರೆಸುತ್ತಲೇ, "ಫೋನ್ ಆರಿಸಿಟ್ಟಿದ್ದೆ ನಾನು" ಎಂದರು.

ಮಣ್ಣು ಮಾಡಿದ ದಿನ ನಾನೇ ಪ್ರಾರ್ಥಿಸಿದೆ. ಚೆನ್ನಾಗಿ ಮಾಡಿದೆ ಎಂದು ನಾಲ್ಕು ಜನ ಹೇಳಿದರು. ಅದರ ಎರಡು ದಿನದ ಮೇಲೆ ಲಿಫ್ಟ್ ಸರಿಯಾಯಿತು.

ಮಂಡಳಿ ಸೇರಿದ್ದು ಬೇರೊಂದು ಸಭೆಯ ಹಾಲಿನಲ್ಲಿ. ಮಡಚುವ ಕಬ್ಬಿಣದ ಕುರ್ಚಿಗಳು, ಕೀಚಲು ದನಿಯ ಮೈಕು, ಹಿಂದೆ ಚಹಾದ ಕೆಟಲ್. ನಲವತ್ತೈವತ್ತು ಜನ. ಮುಂದಿನ ಸಾಲಿನ ಕೊನೆಯಲ್ಲಿ ಹೆಂಡತಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಒಂದು ಗಂಟೆ ಪ್ರಶ್ನೆ ಕೇಳಿದರು. ಪಾಪ, ಕೃಪೆ, ಸಭೆಯ ಆಡಳಿತ. ಗ್ರೀಕ್ ಯಾರೂ ಕೇಳಲಿಲ್ಲ. ಕೊನೆಗೆ ಕಿವಿಗೆ ಮೆಷಿನ್ ಹಾಕಿಕೊಂಡ ಹಳೆಯ ಪಾದ್ರಿಯೊಬ್ಬರು ಎದ್ದರು.

"ದೀಕ್ಷೆ ಇಲ್ಲದವನು ತುರ್ತಿನಲ್ಲಿ ಕರ್ತನ ಭೋಜನ ಕೊಡಬಹುದೋ?"

"ಕೊಡಬಾರದು."

"ಸಾಯೋರು ಕೇಳಿದ್ರೆ?"

"ಆಗಲೂ ಕೊಡಬಾರದು. ರೊಟ್ಟಿ ಸಿಗಲಿಲ್ಲ ಅಂತ ದೇವರು ಯಾರನ್ನೂ ಕೈಬಿಡೋದಿಲ್ಲ ಅನ್ನೋದು ನಮ್ಮ ನಂಬಿಕೆ. ಹಾಗಾಗಿ ಅವಸರ ಬೇಕಿಲ್ಲ."

ಉತ್ತರ ಸರಿಯಾಗಿತ್ತು. ಹಳೆಯ ಪಾದ್ರಿ ತಲೆಯಾಡಿಸಿದರು. ಆಗ ಕನ್ನಡಕದ ಹಿರಿಯರು ಎದ್ದು ನಿಂತರು. ನನಗೆ ಒಳ್ಳೆಯದಾಗಲಿ ಎಂದೇ ಎದ್ದರು, ಅದರಲ್ಲಿ ಸಂದೇಹವಿಲ್ಲ. ಆ ಭಾನುವಾರದ್ದನ್ನೆಲ್ಲ ಹೇಳಿದರು. ಎದುರಿಗೆ ಬ್ರೆಡ್ ಇದ್ದರೂ ಮುಟ್ಟದೆ, ಸಭೆಯ ರೊಟ್ಟಿಗಾಗಿ ಐದು ಮಹಡಿ ಇಳಿದು ಹತ್ತಿದ ಮನುಷ್ಯ ಎಂದರು. ಜನ ಗುಸುಗುಸು ಎನ್ನುತ್ತ ಮೆಚ್ಚಿಕೊಂಡರು. ಯಾರೋ ಆಮೆನ್ ಎಂದರು.

ನಾನು ಮೈಕು ಬಿಟ್ಟು ಹೋಗಬಹುದಿತ್ತು. ಅಧ್ಯಕ್ಷರು ಮತಕ್ಕೆ ಹಾಕಲು ಬಾಯಿ ತೆರೆದಿದ್ದರು. ಹೆಂಡತಿಯ ಮುಖ ನೋಡಿದೆ. ಅವಳಿಗೂ ನಾನು ಪೂರ್ತಿ ಹೇಳಿರಲಿಲ್ಲ.

"ಒಂದು ಮಾತು" ಎಂದೆ. "ನಾನು ಓಡಿದ್ದು ನಿಯಮದ ಮೇಲಿನ ಗೌರವಕ್ಕಲ್ಲ. ಇವತ್ತು ಇಲ್ಲಿ ನಿಲ್ಲಬೇಕಿತ್ತಲ್ಲ, ಅದಕ್ಕೆ ಓಡಿದೆ. ಬ್ರೆಡ್ ಮುಟ್ಟದೆ ಇದ್ದಿದ್ದು ಸರಿ, ಅದನ್ನ ಈಗಲೂ ಹೇಳ್ತೀನಿ. ಆದ್ರೆ ಆಕೆ ರೊಟ್ಟಿ ಬೇಡ, ಕೂತ್ಕೋ ಅಂದ್ರು. ಕೂರೋಕೆ ಯಾವ ದೀಕ್ಷೆಯೂ ಬೇಕಿರಲಿಲ್ಲ. ನಾನು ಕೂರಲಿಲ್ಲ. ಆಕೆ ಒಬ್ಬರೇ ಸತ್ತರು. ಆಮೇಲೆ ಎದುರುಮನೆಯವಳು ಕೇಳಿದಾಗ, ಪಕ್ಕದಲ್ಲೇ ಇದ್ದೆ ಅಂತ ಸುಳ್ಳು ಹೇಳಿದೆ."

ಹಿರಿಯರು ನಿಧಾನಕ್ಕೆ ಕೂತರು. ಅಧ್ಯಕ್ಷರು ನನ್ನನ್ನು ಹೊರಗೆ ಹೋಗಿ ಕಾಯಲು ಹೇಳಿದರು. ಬೂಟು ಒರೆಸುವ ಚಾಪೆ, ಛತ್ರಿ ಇಡುವ ಡಬ್ಬ ಇದ್ದ ಪಡಸಾಲೆಯಲ್ಲಿ ಇಪ್ಪತ್ತು ನಿಮಿಷ ನಿಂತೆ. ಮುಗಿಯಿತು ಅಂದುಕೊಂಡೆ. ನಿಜ ಹೇಳಬೇಕೆಂದರೆ ಸ್ವಲ್ಪ ಹಗುರವೂ ಆಗಿತ್ತು.

ಒಳಗೆ ಕರೆದರು. ಪರವಾಗಿ ನಲವತ್ತೊಂದು, ವಿರೋಧವಾಗಿ ಮೂರು. ಇಂಥ ಪ್ರಾಮಾಣಿಕತೆ ಈ ಮಂಡಳಿ ಬಹಳ ವರ್ಷದಿಂದ ಕಂಡಿಲ್ಲ ಎಂದರು ಅಧ್ಯಕ್ಷರು. ನಾನು ಮಾಡಿದ ತಪ್ಪನ್ನೂ ಅವರು ನನ್ನ ಖಾತೆಗೆ ಜಮಾ ಮಾಡಿಬಿಟ್ಟಿದ್ದರು. ಆ ಮೂವರು ಯಾರೆಂದು ಗೊತ್ತಾಗಿದ್ದರೆ ಹೋಗಿ ಕೈ ಕುಲುಕುತ್ತಿದ್ದೆ.

ಮನೆಗೆ ನಡೆದು ಬರುವಾಗ ಹೆಂಡತಿ ಶುರು ಮಾಡಿದಳು.

"ಹೇಳಿದ್ದು ಒಳ್ಳೇದಾಯ್ತು ರೀ."

"ಹೂಂ."

"ಆದ್ರೆ ಹೇಳ್ಬೇಕಾಗಿದ್ದೋಳಿಗೆ ಹೇಳ್ಲಿಲ್ಲ. ಅವರೆಲ್ಲ ನಿಮ್ಮನ್ನ ಪಾಸ್ ಮಾಡೋಕೆ ಕೂತೋರು. ಅವಳು ಎರಡು ತಿಂಗಳು ಬೆಡ್‌ಪ್ಯಾನ್ ತೊಳೆದೋಳು."

ಮರುದಿನ ಸಂಜೆ ಬಸ್ಸಿನವಳ ಪಾಳಿ ಮುಗಿಯುವ ಹೊತ್ತಿಗೆ ಹೋದೆ. ಲಿಫ್ಟಿನಲ್ಲೇ ಹೋದೆ. ತೂಕದಮ್ಮನ ಬಾಗಿಲಿಗೆ ಬೇರೆ ಯಾರದೋ ಹೆಸರಿನ ಹಲಗೆ ಬಂದಿತ್ತು. ಬಸ್ಸಿನವಳು ಸಮವಸ್ತ್ರದಲ್ಲೇ ಬಾಗಿಲು ತೆರೆದು, "ಬನ್ನಿ ಅಣ್ಣಾ, ಚಹಾ ಇಡ್ತೀನಿ" ಎಂದಳು. ಹೊಸ್ತಿಲಲ್ಲೇ ನಿಂತು ಹೇಳಿದೆ.

ಪೂರ್ತಿ ಕೇಳಿಸಿಕೊಂಡಳು.

"ಎಷ್ಟು ಹೊತ್ತು?"

"ಒಂಬತ್ತು ನಿಮಿಷ ಇರಬಹುದು."

"ನಾನು ಮೆಟ್ಟಿಲು ಇಳಿದುಹೋಗುವಾಗ ಆ ಮುದುಕರು ಅಲ್ಲೇ ಕೂತಿದ್ರು. ಒಂದು ಮಾತು ಕೂಗಿ ಹೇಳಿದ್ರೆ ಬರ್ತಾ ನಾನೇ ತರ್ತಿದ್ದೆ."

"ಹೌದು."

"ನೀವಿರ್ತೀರಿ ಅಂತ ನಾನು ಹೋಗಿದ್ದು."

"ಹೌದಮ್ಮ."

"ಒಳ್ಳೆ ಸಾವು ಬಂತು ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ ನಾನು." ಒಂದು ಕ್ಷಣ ನನ್ನ ಬೂಟು ನೋಡುತ್ತ ನಿಂತಳು. "ಇದನ್ನ ನನಗೆ ಯಾಕೆ ಹೇಳಿದ್ರಿ? ನಿಮಗೆ ಹಗುರ ಆಯ್ತು. ನನಗೆ?"

ಅವಳು ಬಾಗಿಲು ಮುಚ್ಚಿದಳು. ಸದ್ದು ಮಾಡಲಿಲ್ಲ. ನಾನು ಸ್ವಲ್ಪ ಹೊತ್ತು ಆ ಬಾಗಿಲ ಮುಂದೆ ನಿಂತಿದ್ದೆ. ಒಳಗಿನಿಂದ ಯಾರೂ ಹೋಗಬೇಡ ಅನ್ನಲಿಲ್ಲ. ಮೆಟ್ಟಿಲಿಳಿದು ಬಂದೆ.

ಮುಂದಿನ ತಿಂಗಳು ದೀಕ್ಷೆಯಾಯಿತು. ಮಂಡಿಯೂರಿದೆ. ಪಾದ್ರಿಗಳೂ ಹಿರಿಯರೂ ಸುತ್ತ ನಿಂತು ನನ್ನ ತಲೆಯ ಮೇಲೆ ಕೈಯಿಟ್ಟರು. ಅಷ್ಟು ಕೈಗಳ ಭಾರಕ್ಕೆ ಕತ್ತು ಬಗ್ಗಿತು. ಅದರಲ್ಲಿ ಕನ್ನಡಕದ ಹಿರಿಯರ ಕೈಯೂ ಇತ್ತು. ಅವರು ಈಗ ಫೋನ್ ಆರಿಸುವುದಿಲ್ಲ, ಆರಾಧನೆಯ ನಡುವೆ ಅದು ಒಂದೆರಡು ಸಲ ಕೂಗಿಕೊಂಡಿದೆ. ಬಸ್ಸಿನವಳಿಗೆ ಕಾಗದ ಹಾಕಿದ್ದೆ. ಬರಲಿಲ್ಲ. ಅವಳು ಓಡಿಸುವ ಬಸ್ಸಿಗೆ ನಾನು ಒಂದೆರಡು ಸಲ ಹತ್ತಿದ್ದೇನೆ. ಟಿಕೆಟ್ ಕೊಡುತ್ತಾಳೆ, ಚಿಲ್ಲರೆ ಕೊಡುತ್ತಾಳೆ, ಅಣ್ಣಾ ಅನ್ನುವುದಿಲ್ಲ.

ಈಗ ನಾನು ಯಾರ ಮನೆಯ ಬ್ರೆಡ್ಡಿನ ಮೇಲಾದರೂ ಪ್ರಾರ್ಥಿಸಿ ಮುರಿದು ಕೊಡಬಹುದು. ಆ ಹಕ್ಕು ಸಿಕ್ಕಿತು. ಬಾಗಿಲಾಚೆ ಇರುವವರನ್ನು ಬಿಟ್ಟು ಹೋಗದ ಮನುಷ್ಯ ಎಂದು ನನ್ನನ್ನು ನಂಬಿದವರು ಒಬ್ಬರಿದ್ದರು. ಅವರನ್ನು ಬಿಟ್ಟು ಹೋದೆ.